ಅನ್ನ ಹೊತ್ತವನ ಅಮಾನತು

ಶುಕ್ರವಾರದಂದು ನಮ್ಮಲ್ಲಿ ಹೆಚ್ಚಿನವರು ಪಠಿಸುವ ಅಲ್‌ಕಹ್ಫ್ ಅಧ್ಯಾಯದಲ್ಲಿ ಒಂದು ಸಣ್ಣ ಪ್ರಸಂಗವಿದೆ. ವಿಶ್ವಾಸದ ರಕ್ಷಣೆಗಾಗಿ ಗುಹೆ ಸೇರಿದ್ದ ಯುವಕರು ಬಹುಕಾಲದ ನಿದ್ರೆಯಿಂದ ಏಳುತ್ತಾರೆ. ಹಸಿವಾಗಿದೆ. ತಮ್ಮಲ್ಲಿ ಒಬ್ಬನ ಕೈಗೆ ಬೆಳ್ಳಿಯ ನಾಣ್ಯ ಕೊಟ್ಟು ಪಟ್ಟಣಕ್ಕೆ ಕಳುಹಿಸುತ್ತಾರೆ. ಕಳುಹಿಸುವಾಗ ಅವನಿಗೆ ಹೇಳಿದ ಮಾತನ್ನು ಆ ಅಧ್ಯಾಯದ 19ನೇ ಸೂಕ್ತವು ನಮಗಾಗಿ ಕಾದಿರಿಸಿದೆ. ಅಲ್ಲಿ ಯಾವ ಆಹಾರವು ಅತ್ಯಂತ ಶುದ್ಧವಾಗಿದೆಯೆಂದು ಅವನು ನೋಡಬೇಕು, ಅದರಿಂದಲೇ ತರಬೇಕು ಮತ್ತು ಸೌಮ್ಯತೆಯಿಂದ, ಎಚ್ಚರದಿಂದ ನಡೆದುಕೊಳ್ಳಬೇಕು. ಪ್ರಾಣಕ್ಕೆ ಅಪಾಯವಿದ್ದ ಆ ಗಳಿಗೆಯಲ್ಲಿಯೂ, ದೀರ್ಘ ಹಸಿವಿನ ನಡುವೆಯೂ, ಆ ಯುವಕರು "ಏನಾದರೂ ಸರಿ, ಬೇಗ ತಾ" ಎನ್ನಲಿಲ್ಲ ಎಂಬುದು ಗಮನಾರ್ಹ. ವೇಗದ ಮಾತೇ ಅಲ್ಲಿಲ್ಲ. ಶುದ್ಧಿಯ ಮಾತಿದೆ, ನಡತೆಯ ಮಾತಿದೆ.

ಇತರರಿಗಾಗಿ ಪಟ್ಟಣದಿಂದ ಊಟ ತರುವ ಯುವಕನನ್ನು ಇಂದು ನಾವು ದಾವಣಗೆರೆಯ ಪ್ರತಿಯೊಂದು ರಸ್ತೆಯಲ್ಲಿಯೂ ಕಾಣುತ್ತಿದ್ದೇವೆ. ಬೆನ್ನಿಗೆ ಚೌಕಾಕಾರದ ಬ್ಯಾಗು, ಹ್ಯಾಂಡಲಿನ ಮೇಲೆ ಮೊಬೈಲು, ಕಣ್ಣೆಲ್ಲ ಗಡಿಯಾರದ ಮೇಲೆ. ಹರಿಹರದಲ್ಲಿಯೂ ಹೋಟೆಲಿನ ಪಾರ್ಸೆಲ್ ಹೊತ್ತ ಬೈಕುಗಳು ಸಂಜೆಯಾಗುತ್ತಲೇ ಓಡಾಡುತ್ತವೆ. ಅವರಲ್ಲಿ ನಮ್ಮ ಮನೆಗಳ ಮಕ್ಕಳಿದ್ದಾರೆ. ಅವರು ತಂದ ಅನ್ನವನ್ನು ಉಣ್ಣುವವರಲ್ಲಿಯೂ ನಾವಿದ್ದೇವೆ. ಆದ್ದರಿಂದ ಇಂದು ನಮ್ಮ ಮುಂದಿರುವ ಪ್ರಶ್ನೆ ಹೀಗಿದೆ: ಅಡುಗೆ ಮನೆಯ ಬಾಗಿಲಿನಿಂದ ಉಣ್ಣುವವನ ಬಾಗಿಲಿನವರೆಗೆ, ಯಾರೂ ನೋಡದ ಆ ದಾರಿಯಲ್ಲಿ, ಆಹಾರದ ಹೊಣೆ ಯಾರದು? ತಾನು ಬೇಯಿಸದ, ತಾನು ಉಣ್ಣದ, ಒಳಗೇನಿದೆಯೆಂದು ಬಿಚ್ಚಿ ನೋಡಲೂ ಆಗದ ಒಂದು ಪೊಟ್ಟಣಕ್ಕಾಗಿ ಅದನ್ನು ಹೊತ್ತವನು ಅಲ್ಲಾಹನ ಮುಂದೆ ಉತ್ತರಿಸಬೇಕೇ?

ಅಪರಿಚಿತರ ನಡುವಿನ ಅನ್ನ

ಊಟವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವುದು ಹೊಸ ವಿಷಯವೇನಲ್ಲ. ಹತ್ತಿಗಿರಣಿಗಳಿಂದಾಗಿ ದಾವಣಗೆರೆಯು ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಕಾಲವಿತ್ತು. ದುಡಿಯಲು ಹೋದವನ ಬುತ್ತಿಯಲ್ಲಿದ್ದುದು ಮನೆಯ ಅನ್ನ. ಮುಂಬಯಿಯಲ್ಲಿ 1890ರ ಸುಮಾರಿಗೆ ಆರಂಭವಾದ ಡಬ್ಬಾವಾಲಾಗಳ ಕೆಲಸವೂ ಮೂಲತಃ ಇಂತಹದೇ. ಡಬ್ಬಿ ಹೊತ್ತವನು ಬೇರೆಯವನಾದರೂ ಒಳಗಿದ್ದುದು ಉಣ್ಣುವವನ ಮನೆಯಲ್ಲಿಯೇ ಬೆಂದ ಅನ್ನ. ಬೇಯಿಸಿದವಳಿಗೆ ಉಣ್ಣುವವನ ಮುಖ ಗೊತ್ತು. ಅನ್ನ ಹಳಸಿದ್ದರೆ ಸಂಜೆ ಮನೆಗೆ ಬಂದು ಹೇಳುವವನು ಅವನು. ಪ್ರೀತಿಯೇ ಅಲ್ಲಿ ಕಾವಲುಗಾರನಾಗಿತ್ತು.

ಇಂದು ಹಾಗಲ್ಲ. ಬೇಯಿಸಿದವನಿಗೆ ಉಣ್ಣುವವನು ಯಾರೆಂದು ತಿಳಿಯದು. ಹೊತ್ತವನಿಗೆ ಇಬ್ಬರೂ ಅಪರಿಚಿತರು. ಉಣ್ಣುವವನಿಗೆ ತನ್ನ ಊಟ ಯಾವ ಕೈಯಲ್ಲಿ, ಎಷ್ಟು ಹೊತ್ತು, ಯಾವ ಬಿಸಿಲಿನಲ್ಲಿ ಇತ್ತೆಂದು ತಿಳಿಯದು. ಪಿ.ಜೆ. ಬಡಾವಣೆಯ ವಸತಿಗೃಹದಲ್ಲಿರುವ ವಿದ್ಯಾರ್ಥಿನಿ, ಮಗುವಿಗೆ ಜ್ವರವೆಂದು ಒಲೆ ಹಚ್ಚಲಾಗದ ತಾಯಿ, ಮಕ್ಕಳು ದೂರದ ಊರಿನಲ್ಲಿರುವ ವೃದ್ಧ ದಂಪತಿಗಳು, ಇವರೆಲ್ಲರೂ ಕಂಡರಿಯದ ಒಬ್ಬ ಯುವಕನ ಪ್ರಾಮಾಣಿಕತೆಯನ್ನು ನಂಬಿ ಪೊಟ್ಟಣ ಬಿಚ್ಚುತ್ತಾರೆ. ಪರಿಚಯವಿಲ್ಲದ ಇಬ್ಬರ ನಡುವೆ ಉಳಿಯುವುದು ಒಂದೇ ಒಂದು ಸಂಬಂಧ. ಅದನ್ನು ಇಸ್ಲಾಮ್ 'ಅಮಾನತು' ಎಂದು ಕರೆಯುತ್ತದೆ.

ಅಮಾನತು ಎಂದರೆ ಗಂಟು ಕಟ್ಟಿ ಇಡಲು ಕೊಟ್ಟ ಹಣ ಮಾತ್ರವೆಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಆದರೆ ಅಮಾನತುಗಳನ್ನು ಅವುಗಳ ಹಕ್ಕುದಾರರಿಗೆ ತಲುಪಿಸಬೇಕೆಂದು ಅನ್ನಿಸಾ ಅಧ್ಯಾಯದ 58ನೇ ಸೂಕ್ತದಲ್ಲಿ ಅಲ್ಲಾಹನು ಆಜ್ಞಾಪಿಸುವಾಗ ಅದಕ್ಕೆ ಚಿನ್ನ, ಬೆಳ್ಳಿ ಎಂಬ ಮಿತಿಯನ್ನು ಹಾಕಿಲ್ಲ. ಇನ್ನೊಬ್ಬನ ಹೊಟ್ಟೆಗೆ ಸೇರಬೇಕಾದ ಅನ್ನಕ್ಕಿಂತ ಹತ್ತಿರದ ಅಮಾನತು ಯಾವುದಿದ್ದೀತು? ಹಣ ಕಳೆದುಹೋದರೆ ಮರಳಿ ಗಳಿಸಬಹುದು. ಕೆಟ್ಟ ಅನ್ನ ಒಳಗೆ ಹೋದರೆ ಅದನ್ನು ಮರಳಿ ಪಡೆಯಲಾಗದು.

ದಾರಿಯಲ್ಲಿ ಅನ್ನಕ್ಕೆ ಆಗುವುದೇನು?

ಹೊಣೆಯ ಮಾತಿಗೆ ಮೊದಲು ಅಪಾಯವೇನೆಂದು ತಿಳಿಯಬೇಕು. ಬೇಯಿಸಿದ ಆಹಾರದಲ್ಲಿ ಸೂಕ್ಷ್ಮಜೀವಿಗಳು ಬೆಳೆಯುವುದು ಮುಖ್ಯವಾಗಿ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣತೆಯಲ್ಲಿ. ಅದಕ್ಕಿಂತ ಬಿಸಿಯಾಗಿದ್ದರೆ ಅವು ಬೆಳೆಯಲಾರವು. ಅದಕ್ಕಿಂತ ತಣ್ಣಗಿದ್ದರೆ ಬಹಳ ನಿಧಾನ. ನಡುವಿನ ಹದದಲ್ಲಿ, ಅನುಕೂಲವಾದ ಆಹಾರ ದೊರೆತರೆ, ಕೆಲವು ಜೀವಿಗಳು ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಅಂದರೆ ಒಂದು ಇದ್ದುದು ಒಂದು ಗಂಟೆಯಲ್ಲಿ 8, ಎರಡು ಗಂಟೆಯಲ್ಲಿ 64, ನಾಲ್ಕು ಗಂಟೆಯಲ್ಲಿ 4096. ಆದ್ದರಿಂದಲೇ ಬೇಯಿಸಿದ ಆಹಾರವನ್ನು ಈ ಹದದಲ್ಲಿ ಎರಡು ಗಂಟೆಗಿಂತ ಹೆಚ್ಚು ಬಿಡಬಾರದು, ಹೊರಗಿನ ಸೆಕೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ ಎಂದು ತಜ್ಞರು ಎಚ್ಚರಿಸುತ್ತಾರೆ. ದಾವಣಗೆರೆಯ ಬೇಸಗೆಯಲ್ಲಿ 35 ಡಿಗ್ರಿ ದಾಟುವುದು ಸಾಮಾನ್ಯ. ಬಿಸಿಲಿನಲ್ಲಿ ನಿಲ್ಲಿಸಿದ ಬೈಕಿನ ಡಬ್ಬಿಯೊಳಗೆ ಎಷ್ಟಿದ್ದೀತೆಂದು ಓದುಗರೇ ಊಹಿಸಬಹುದು.

ನಮ್ಮವರಿಗೆ ಪ್ರಿಯವಾದ ಬಿರಿಯಾನಿಯನ್ನೇ ತೆಗೆದುಕೊಳ್ಳೋಣ. ಮಾಂಸದ ಬಗ್ಗೆ ಎಲ್ಲರೂ ಎಚ್ಚರ ವಹಿಸುತ್ತಾರೆ, ಅಕ್ಕಿಯ ಬಗ್ಗೆ ಯಾರೂ ಅನುಮಾನಪಡುವುದಿಲ್ಲ. ಆದರೆ ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಜೀವಿಯ ಬೀಜಕಣಗಳು ಕುದಿಸಿದರೂ ಸಾಯುವುದಿಲ್ಲ. ಅನ್ನವು ಬೆಚ್ಚಗಿನ ಹದದಲ್ಲಿ ಬಹಳ ಹೊತ್ತು ಉಳಿದರೆ ಅವು ಮೊಳೆತು ವಿಷವನ್ನು ಉಂಟುಮಾಡುತ್ತವೆ. ವಾಂತಿ ತರುವ ಆ ವಿಷವು ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹಾಗೆಯೇ ಆರೋಗ್ಯವಂತರ ಮೂಗಿನಲ್ಲಿ, ಚರ್ಮದಲ್ಲಿ, ಕೈಯ ಗಾಯದಲ್ಲಿ ಇರುವ ಸ್ಟೆಫಿಲೊಕಾಕಸ್ ಎಂಬ ಜೀವಿಯು ಕೈಯಿಂದ ಆಹಾರಕ್ಕೆ ದಾಟುತ್ತದೆ. ಅದರ ವಿಷವೂ ಶಾಖಕ್ಕೆ ಜಗ್ಗದು. "ಬಿಸಿ ಮಾಡಿ ತಿಂದರಾಯಿತು" ಎಂಬ ನಮ್ಮ ಸಮಾಧಾನಕ್ಕೆ ಆಧಾರವಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಇನ್ನು ಹೊತ್ತವನ ಕೈ ಮತ್ತು ಬ್ಯಾಗಿನ ವಿಷಯ. ದಿನವಿಡೀ ಆ ಕೈ ನೋಟು, ಮೊಬೈಲು, ಬ್ರೇಕು, ಗೇಟು, ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಇವೆಲ್ಲವನ್ನೂ ಮುಟ್ಟುತ್ತದೆ. ಬ್ಯಾಗಿನೊಳಗೆ ಚೆಲ್ಲಿದ ಸಾರು ಅಲ್ಲಿಯೇ ಒಣಗಿ, ಮರುದಿನದ ಪೊಟ್ಟಣಕ್ಕೆ ಹತ್ತುತ್ತದೆ. ಬಿಸಿ ಬಿರಿಯಾನಿಯ ಜೊತೆಗೇ ಐಸ್‌ಕ್ರೀಮು ಇಟ್ಟಾಗ ಒಂದು ತಣ್ಣಗಾಗುತ್ತದೆ, ಇನ್ನೊಂದು ಕರಗುತ್ತದೆ, ಎರಡೂ ಕೆಡುತ್ತವೆ. ಕಾಯುವಾಗ ಬ್ಯಾಗನ್ನು ಚರಂಡಿಯ ಪಕ್ಕದ ನೆಲದ ಮೇಲೆ ಇಟ್ಟು ಮತ್ತೆ ಅದೇ ಬ್ಯಾಗನ್ನು ಹೋಟೆಲಿನ ಮೇಜಿನ ಮೇಲೆ ಇಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ಮಿರ್ಚಿಯನ್ನು ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತುವುದು ನಮ್ಮೂರಿನ ಮಂಡಕ್ಕಿ ಅಂಗಡಿಗಳ ಹಳೆಯ ರೂಢಿ. ಮುದ್ರಣದ ಶಾಯಿ ಎಣ್ಣೆಯೊಂದಿಗೆ ಆಹಾರಕ್ಕೆ ಇಳಿಯುವುದರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕಿಂಗ್ ನಿಯಮಗಳು ಅದನ್ನು ನಿಷೇಧಿಸಿವೆ. ಕುದಿಯುವ ಸಾಂಬಾರನ್ನು ತೆಳ್ಳನೆಯ ಪ್ಲಾಸ್ಟಿಕ್ ಚೀಲಕ್ಕೆ ಸುರಿಯುವುದೂ ಬಿಡಬೇಕಾದ ರೂಢಿಯೇ.

ಕಾನೂನು ಈ ದಾರಿಯನ್ನು ಮರೆತಿಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯು 'ಆಹಾರ ವ್ಯವಹಾರ' ಎಂಬ ಪದದಲ್ಲಿ ತಯಾರಿ, ಮಾರಾಟಗಳ ಜೊತೆಗೆ ಸಾಗಾಟ ಮತ್ತು ವಿತರಣೆಯನ್ನೂ ಸೇರಿಸಿದೆ. ಆ್ಯಪ್‌ಗಳ ಮೂಲಕ ಆಹಾರ ಮಾರುವವರಿಗಾಗಿ 2017ರಲ್ಲಿ ಬಂದ ಮಾರ್ಗಸೂಚಿಯು, ಗ್ರಾಹಕನ ಬಾಗಿಲಿಗೆ ಆಹಾರ ತಲುಪಿಸುವವರು ತರಬೇತಿ ಪಡೆದವರಾಗಿರಬೇಕು, ತಲುಪಿಸುವ ಹೊತ್ತಿನಲ್ಲಿ ಆಹಾರದ ಸುರಕ್ಷತೆಗೆ ಧಕ್ಕೆಯಾಗಬಾರದು ಎನ್ನುತ್ತದೆ. ಆದರೆ ಅಧಿಕಾರಿ ಅಡುಗೆ ಮನೆಗೆ ಬರಬಲ್ಲ. ಓಡುವ ಬೈಕಿನ ಹಿಂದೆ ಓಡಲಾರ. ಕಾನೂನಿನ ಕಣ್ಣು ತಲುಪದ ಆ ನಾಲ್ಕೈದು ಕಿಲೋಮೀಟರುಗಳಲ್ಲಿ ಧರ್ಮದ ಕೆಲಸ ಆರಂಭವಾಗುತ್ತದೆ.

ಪ್ರವಾದಿ ಮಾರ್ಗದರ್ಶನ

ಸೂಕ್ಷ್ಮಜೀವಿಗಳ ಹೆಸರನ್ನು ಜಗತ್ತು ಕೇಳುವುದಕ್ಕೆ ಎಷ್ಟೋ ಶತಮಾನಗಳ ಮೊದಲೇ ಪ್ರವಾದಿವರ್ಯರು(ಸ) ರಾತ್ರಿ ಪಾತ್ರೆಗಳನ್ನು ಮುಚ್ಚಿಡಬೇಕೆಂದೂ, ನೀರಿನ ಚರ್ಮದ ಚೀಲಗಳ ಬಾಯಿ ಕಟ್ಟಬೇಕೆಂದೂ, ಮುಚ್ಚಲು ಬೇರೇನೂ ಸಿಗದಿದ್ದರೆ ಅಡ್ಡವಾಗಿ ಒಂದು ಕಡ್ಡಿಯನ್ನಾದರೂ ಇಡಬೇಕೆಂದೂ ಕಲಿಸಿದರು. ಜಾಬಿರ್(ರ) ವರದಿ ಮಾಡಿದ ಈ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ನಿದ್ರೆಯಿಂದ ಎದ್ದವನು ಕೈ ತೊಳೆಯದೆ ನೀರಿನ ಪಾತ್ರೆಗೆ ಅದ್ದಬಾರದೆಂಬ ಹದೀಸನ್ನೂ ನಾವು ಮಕ್ಕಳಿಗೆ ಕಲಿಸುತ್ತೇವೆ. ಅದಕ್ಕೆ ಪ್ರವಾದಿವರ್ಯರು(ಸ) ಕೊಟ್ಟ ಕಾರಣ ಬಹಳ ಅರ್ಥಪೂರ್ಣ: ರಾತ್ರಿ ಆ ಕೈ ಎಲ್ಲೆಲ್ಲಿತ್ತೆಂದು ಅವನಿಗೆ ತಿಳಿಯದು. ಅಂದರೆ ಕೊಳೆ ಕಣ್ಣಿಗೆ ಕಂಡರೆ ಮಾತ್ರ ತೊಳೆಯುವುದಲ್ಲ. ತಿಳಿಯದಿರುವುದೇ ತೊಳೆಯಲು ಸಾಕಾದ ಕಾರಣ. ದಿನವಿಡೀ ನೂರು ಕಡೆ ಮುಟ್ಟಿದ ಕೈಗೆ ಈ ಮಾತು ಎಷ್ಟು ಚೆನ್ನಾಗಿ ಒಪ್ಪುತ್ತದೆ!

ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರವಾದುದು ಸಹೀಹ್ ಮುಸ್ಲಿಮ್‌ನಲ್ಲಿರುವ ಧಾನ್ಯದ ವ್ಯಾಪಾರಿಯ ಪ್ರಸಂಗ. ಪ್ರವಾದಿವರ್ಯರು(ಸ) ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಗುಲಿತು. ಇದೇನೆಂದು ಕೇಳಿದಾಗ ವ್ಯಾಪಾರಿಯು ಮಳೆಗೆ ನೆನೆಯಿತೆಂದ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೆ ಏಕೆ ಇಡಲಿಲ್ಲವೆಂದು ಕೇಳಿ, ವಂಚಿಸುವವನು ತಮ್ಮವನಲ್ಲವೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದರು.

ಇಲ್ಲಿರುವ ವಿವೇಚನೆಯನ್ನು ನೋಡಬೇಕು. ಮಳೆ ಸುರಿದುದು ವ್ಯಾಪಾರಿಯ ತಪ್ಪಲ್ಲ. ಧಾನ್ಯ ನೆನೆದುದಕ್ಕೆ ಅವನನ್ನು ಯಾರೂ ದೂರಲಿಲ್ಲ. ನೆನೆದುದನ್ನು ಒಣಗಿದ ಕಾಳಿನ ಕೆಳಗೆ ಬಚ್ಚಿಟ್ಟುದು ಅವನ ತಪ್ಪು. ನಷ್ಟ ಬೇರೆ, ವಂಚನೆ ಬೇರೆ. ನಷ್ಟವು ಆಕಾಶದಿಂದ ಬರಬಹುದು, ವಂಚನೆಯು ಮನಸ್ಸಿನಿಂದಲೇ ಬರಬೇಕು.

ಇದನ್ನು ನಮ್ಮ ಯುವಕನಿಗೆ ಅನ್ವಯಿಸೋಣ. ರಸ್ತೆಯ ಗುಂಡಿಗೆ ಬೈಕು ಇಳಿದು ಸಾರಿನ ಡಬ್ಬಿ ಉಕ್ಕಿತು. ಅದು ಅವನ ಪಾಲಿನ ಮಳೆ. ಅಂಗಿಯ ತುದಿಯಿಂದ ಒರೆಸಿ, ಮತ್ತೆ ಟೇಪು ಅಂಟಿಸಿ, ಏನೂ ಆಗದವನಂತೆ ಕೈಗಿತ್ತು ಬಂದರೆ ಅದು ಧಾನ್ಯದ ರಾಶಿಯ ತಳ. ಗಿರಾಕಿಯ ಬಾಗಿಲಲ್ಲಿ "ಅಣ್ಣಾ, ದಾರಿಯಲ್ಲಿ ಚೆಲ್ಲಿದೆ, ನೋಡಿ ತೆಗೆದುಕೊಳ್ಳಿ" ಎಂದರೆ ಅವನು ನೆನೆದ ಕಾಳನ್ನು ಮೇಲಿಟ್ಟಂತೆ.

ಹೊಣೆಯ ಗಡಿ ಎಲ್ಲಿದೆ?

ಇಷ್ಟು ಹೇಳಿದರೆ ಮುಗಿಯಲಿಲ್ಲ. ಹೊತ್ತವನ ಹೊಣೆ ಎಲ್ಲಿಯವರೆಗೆ ಎಂಬುದನ್ನು ನಮ್ಮ ಫಿಕ್‌ಹ್ ವಿದ್ವಾಂಸರು ಬಹಳ ಹಿಂದೆಯೇ ಚರ್ಚಿಸಿದ್ದಾರೆ. ಒಬ್ಬನ ಬಳಿಯೇ ದುಡಿಯುವವನು ಬೇರೆ, ಅನೇಕರ ವಸ್ತುಗಳನ್ನು ಕೂಲಿಗಾಗಿ ಹೊರುವ ಹಮಾಲಿ, ಹೊಲಿಯುವ ದರ್ಜಿ, ಬಣ್ಣ ಹಾಕುವವನು ಬೇರೆ ಎಂದು ಅವರು ವಿಂಗಡಿಸಿದರು. ಈ ಎರಡನೆಯವರ ಕೈಯಲ್ಲಿರುವ ವಸ್ತು ಅಮಾನತು ಮಾತ್ರ, ಅವರ ಕೃತ್ಯವಿಲ್ಲದೆ ಅದು ನಾಶವಾದರೆ ಅವರು ತೆರಬೇಕಾಗಿಲ್ಲವೆಂದು ಇಮಾಮ್ ಅಬೂಹನೀಫಾ(ರಹ್) ಹೇಳಿದರು. ಅವರ ಶಿಷ್ಯರಾದ ಇಮಾಮ್ ಅಬೂಯೂಸುಫ್ ಮತ್ತು ಇಮಾಮ್ ಮುಹಮ್ಮದ್(ರಹ್) ಇದನ್ನು ಒಪ್ಪಲಿಲ್ಲ. ತಪ್ಪಿಸಲಾಗದ ಆಪತ್ತಿನ ಹೊರತು ಉಳಿದ ನಷ್ಟಕ್ಕೆ ಅವರೇ ಹೊಣೆ, ಇಲ್ಲವಾದರೆ ಜನರ ಸೊತ್ತಿಗೆ ರಕ್ಷಣೆ ಇರದೆಂದು ಅವರ ನಿಲುವು. ಕುಶಲಕರ್ಮಿಗಳನ್ನು ಹೊಣೆಗಾರರನ್ನಾಗಿ ಮಾಡದೆ ಜನರ ವ್ಯವಹಾರ ಸರಿಹೋಗದೆಂಬ ಅಭಿಪ್ರಾಯವು ಹಝ್ರತ್ ಅಲೀ(ರ) ಅವರಿಂದಲೂ ವರದಿಯಾಗಿದೆ.

ಗುರುವೂ ಶಿಷ್ಯರೂ ಭಿನ್ನವಾಗಿ ಯೋಚಿಸಿದರೂ ಒಂದು ವಿಷಯದಲ್ಲಿ ಅವರಲ್ಲಿ ಭೇದವಿಲ್ಲ. ಅತಿಕ್ರಮ ಮತ್ತು ಅಲಕ್ಷ್ಯ ಇವೆರಡಕ್ಕೆ ಕ್ಷಮೆಯಿಲ್ಲ. ಇದರಿಂದ ನಮಗೆ ಒಂದು ಅಳತೆಗೋಲು ಸಿಗುತ್ತದೆ. ಅಡುಗೆ ಮನೆಯ ಎಣ್ಣೆ ಎಷ್ಟು ಹಳೆಯದು, ಮಾಂಸ ಎಂದಿನದು ಎಂಬುದು ಹೊತ್ತವನ ಕೈಯಲ್ಲಿಲ್ಲ. ಅದರ ವಿಚಾರಣೆ ಬೇಯಿಸಿದವನದು. ಆದರೆ ತನ್ನ ಕೈ, ತನ್ನ ಬ್ಯಾಗು, ಪೊಟ್ಟಣದ ಸೀಲು, ಎತ್ತಿಕೊಂಡ ಮೇಲೆ ಕಳೆದ ಸಮಯ, ಮತ್ತು ತಾನು ಕಣ್ಣಾರೆ ಕಂಡುದನ್ನು ಹೇಳುವ ನಾಲಿಗೆ, ಈ ಐದೂ ಅವನವೇ. ಈ ಐದರ ಬಗ್ಗೆ "ನನಗೆ ಗೊತ್ತಿಲ್ಲ" ಎಂಬ ಉತ್ತರವು ಅಲ್ಲಾಹನ ಸನ್ನಿಧಿಯಲ್ಲಿ ನಡೆಯಲಾರದು.

ಹುಡುಗರ ವಾದ

ಇತ್ತೀಚೆಗೆ ಇಶಾ ನಮಾಝಿನ ಬಳಿಕ ಈ ಕೆಲಸದಲ್ಲಿರುವ ಇಬ್ಬರು ಹುಡುಗರ ಜೊತೆ ಈ ಮಾತು ಬಂತು. ಅವರಲ್ಲೊಬ್ಬ ಕೇಳಿದ: "ಹಜ್ರತ್, ನೀವು ಕೈ ತೊಳಿ ಅಂತೀರಿ. ಎಲ್ಲಿ ತೊಳೀಲಿ? ಎಷ್ಟೋ ಹೋಟೆಲಿನಾಗೆ ನಮ್ಮನ್ನ ಒಳಗ ಬಿಡೋದಿಲ್ಲ, ಹೊರಗೆ ನಿಂದ್ರು ಅಂತಾರೆ. ಅಡಿಗಿ ತಡ ಆದ್ರೆ ಬೈಗುಳ ನಮಗೆ. ಹಸಿವಾದ್ರೆ ನಮ್ಮ ಬೆನ್ನ ಮೇಲೇ ಬಿರಿಯಾನಿ ಇರ್ತದೆ, ತಿನ್ನೋದಕ್ಕೆ ನಮಗೆ ಟೈಮಿಲ್ಲ. ಕೊಡೋ ಕೂಲಿಗೆ ಇಷ್ಟು ಶುದ್ಧಿ ಸಾಲದೇನು?"

ಈ ಮಾತಿನಲ್ಲಿರುವ ನೋವು ನಿಜ. ಆದರೆ ಕೊನೆಯ ಪ್ರಶ್ನೆಯನ್ನು ಬಿಡಿಸಿ ನೋಡಬೇಕು. ಕೂಲಿ ಕಡಿಮೆಯಾದರೆ ಅಮಾನತೂ ಕಡಿಮೆಯಾಗುತ್ತದೆಯೇ? ಕೂಲಿ ಕೊಡುವವನೊಬ್ಬ, ಅನ್ನ ಉಣ್ಣುವವನು ಇನ್ನೊಬ್ಬ. ಕಂಪನಿಯು ಮಾಡಿದ ಅನ್ಯಾಯದ ಸಾಲವನ್ನು ಜ್ವರ ಬಂದ ಮಗುವಿನ ಗಂಜಿಯಿಂದ ವಸೂಲು ಮಾಡುವುದು ನ್ಯಾಯವಾಗದು. ಜಗಳವಿದ್ದರೆ ಅದು ಹಕ್ಕು ಕೊಡಬೇಕಾದವನೊಂದಿಗೆ ಇರಲಿ, ಬಾಗಿಲು ತೆರೆದು ನಿಂತ ಮುಗ್ಧನೊಂದಿಗೆ ಬೇಡ.

2018ರ ಡಿಸೆಂಬರ್‌ನಲ್ಲಿ ತಮಿಳುನಾಡಿನ ಮಧುರೈಯಲ್ಲಿ ಹೀಗೆ ಊಟ ಒಯ್ಯುವ ಒಬ್ಬ ವ್ಯಕ್ತಿಯು ರಸ್ತೆ ಬದಿಯಲ್ಲಿ ನಿಂತು ಗಿರಾಕಿಗಳ ಪೊಟ್ಟಣಗಳಿಂದ ತುತ್ತು ತಿಂದು ಮತ್ತೆ ಮುಚ್ಚಿಡುವ ದೃಶ್ಯವು ದೇಶವೆಲ್ಲ ಹರಡಿತು. ಕಂಪನಿ ಅವನನ್ನು ಕೆಲಸದಿಂದ ತೆಗೆಯಿತು, ಪೊಟ್ಟಣಗಳಿಗೆ ಬಿಚ್ಚಲಾಗದ ಟೇಪು ಹಾಕುವುದಾಗಿ ಪ್ರಕಟಿಸಿತು. ಕೆಲವರು ಅವನನ್ನು ಹಳಿದರು, ಕೆಲವರು ಅವನ ಹಸಿವಿಗೆ ಮರುಗಿದರು. ಇಸ್ಲಾಮ್ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳುವಂತೆ ನಮ್ಮನ್ನು ಒತ್ತಾಯಿಸುವುದಿಲ್ಲ. ಅವನ ಹಸಿವು ಸಮಾಜದ ಮೇಲಿನ ಆರೋಪ. ಎಂಜಲು ಮಾಡಿ ಮುಚ್ಚಿಟ್ಟುದು ಅವನ ಮೇಲಿನ ಆರೋಪ. ಒಂದು ಆರೋಪವು ಇನ್ನೊಂದನ್ನು ಅಳಿಸುವುದಿಲ್ಲ. ಟೇಪು ಪೊಟ್ಟಣವನ್ನು ಬಿಗಿಯಬಹುದು. ಆದರೆ ಸೀಲು ಮಾಡಿದ ಪೊಟ್ಟಣವನ್ನು ಗಂಟೆಗಟ್ಟಲೆ ಬಿಸಿಲಿನಲ್ಲಿಡದಂತೆ ತಡೆಯುವ ಟೇಪು ಯಾವ ಕಾರ್ಖಾನೆಯಲ್ಲಿಯೂ ತಯಾರಾಗುವುದಿಲ್ಲ. ನಾವು ಅಲ್ಲಾಹನನ್ನು ಕಾಣದಿದ್ದರೂ ಅವನು ನಮ್ಮನ್ನು ಕಾಣುತ್ತಿದ್ದಾನೆಂಬ ಇಹ್ಸಾನ್‌ನ ಅರಿವು ಮಾತ್ರ ಆ ಕೆಲಸ ಮಾಡಬಲ್ಲದು. ಹಾಲಿಗೆ ನೀರು ಬೆರೆಸಲು ಹೇಳಿದ ತಾಯಿಗೆ, ಉಮರ್(ರ) ನೋಡದಿದ್ದರೂ ಉಮರರ ಪ್ರಭು ನೋಡುತ್ತಿದ್ದಾನೆಂದು ಉತ್ತರಿಸಿದ ಆ ಬಡ ಹುಡುಗಿಯ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತ ಬಂದಿದ್ದೇವೆ. ಅವಳ ಬಡತನವು ಅವಳ ಪ್ರಾಮಾಣಿಕತೆಗೆ ಅಡ್ಡಿಯಾಗಲಿಲ್ಲ.

ಇನ್ನೊಂದು ಕಠಿಣ ಪ್ರಶ್ನೆಯೂ ಇದೆ. ಪೊಟ್ಟಣ ಸೋರುತ್ತಿದೆ, ಕಟ್ಟಿ ಕೊಟ್ಟವನ ಕೈಯಲ್ಲಿ ತೆರೆದ ಹುಣ್ಣಿದೆ. ಹೇಳಿದರೆ ಹೊತ್ತು ಹೋಗುತ್ತದೆ, ಹೋಟೆಲಿನವನ ಕೋಪವೂ ಬರುತ್ತದೆ. ಏನು ಮಾಡಬೇಕು? ಸಾಧ್ಯವಾದಷ್ಟು ಅಲ್ಲಾಹನನ್ನು ಭಯಪಡಿರೆಂದು ಅತ್ತಗಾಬುನ್ ಅಧ್ಯಾಯ ಹೇಳುತ್ತದೆ. ಅವನಿಂದ ಹೋಟೆಲನ್ನು ಸುಧಾರಿಸಲಾಗದು. ಆದರೆ ಸೋರುವ ಪೊಟ್ಟಣವನ್ನು ಬದಲಿಸಿಕೊಡಿ ಎನ್ನಲು, ಕಂಡ ದೋಷವನ್ನು ಕಂಪನಿಗೆ ತಿಳಿಸಲು, ಅದೂ ಆಗದಿದ್ದರೆ ಉಣ್ಣುವವನಿಗೆ ಎಚ್ಚರಿಕೆಯ ಒಂದು ಮಾತು ಹೇಳಲು ಸಾಧ್ಯವಿದೆ. ಮೊದಲನೆಯದು ಆಗಲಿಲ್ಲವೆಂದು ಮೂರನೆಯದನ್ನೂ ಬಿಡುವುದು ಅಶಕ್ತಿಯಲ್ಲ, ಅಲಕ್ಷ್ಯ.

ಉಣ್ಣುವವನೂ ಪಾಲುದಾರ

ಇದುವರೆಗಿನ ಮಾತನ್ನು ಓದಿ ತಲೆದೂಗಿದ ಮನೆಯವರು ಇನ್ನು ತಮ್ಮ ಕಡೆಗೂ ನೋಡಿಕೊಳ್ಳಬೇಕು. ಐದು ನಿಮಿಷ ತಡವಾದರೆ ನಾಲ್ಕು ಬಾರಿ ಫೋನು ಮಾಡುವವರು ಯಾರು? ಬೈಕು ಓಡಿಸುತ್ತಿರುವವನ ಕಿವಿಗೆ ಫೋನು ಹಿಡಿಸುವವರು ಯಾರು? ಸೌಮ್ಯವಾಗಿ ತಂದುದಕ್ಕೆ ಒಂದು ನಕ್ಷತ್ರ, ಪ್ರಾಣ ಪಣಕ್ಕಿಟ್ಟು ಓಡಿ ಬಂದವನಿಗೆ ಐದು ನಕ್ಷತ್ರ ಕೊಟ್ಟರೆ ನಾವು ಅವನಿಗೆ ಕಲಿಸುತ್ತಿರುವುದೇನು? ವೇಗವನ್ನೇ ಕೇಳುವ ಗಿರಾಕಿ ಕೈ ತೊಳೆಯುವ ಒಂದು ನಿಮಿಷವನ್ನೂ ಕಸಿದುಕೊಳ್ಳುತ್ತಾನೆ. ಆಮೇಲೆ ಶುದ್ಧಿ ಇಲ್ಲವೆಂದು ದೂರುತ್ತಾನೆ.

ಅಳತೆ ಮಾಡಿ ಪಡೆಯುವಾಗ ಪೂರ್ತಿ ಪಡೆದು, ಕೊಡುವಾಗ ಕಡಿಮೆ ಮಾಡುವವರಿಗೆ ಅಲ್‌ಮುತಫ್ಫಿಫೀನ್ ಅಧ್ಯಾಯದಲ್ಲಿ ವಿನಾಶದ ಎಚ್ಚರಿಕೆಯಿದೆ. ದುಡಿಮೆಯನ್ನು ಪೂರ್ತಿಯಾಗಿ ಪಡೆದು ಕೂಲಿಯನ್ನು ಕಡಿತಗೊಳಿಸುವ ಕಂಪನಿಗೂ, ಬಿಸಿ ಊಟವನ್ನು ಪೂರ್ತಿಯಾಗಿ ಪಡೆದು ಒಂದು ಒಳ್ಳೆಯ ಮಾತನ್ನೂ ಕೊಡದ ಗಿರಾಕಿಗೂ ಆ ತಕ್ಕಡಿ ಒಂದೇ. ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬ ಪ್ರವಾದಿ ಬೋಧನೆ ನಮಗೆಲ್ಲ ಬಾಯಿಪಾಠವಾಗಿದೆ. ಕರ್ನಾಟಕ ಸರಕಾರವು 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ತಂದು, ಅದೇ ವರ್ಷ ಕಾಯ್ದೆಯಾಗಿಸಿದ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾನೂನು, ಪ್ರತಿಯೊಂದು ವ್ಯವಹಾರದಲ್ಲಿ ಕಾರ್ಮಿಕನಿಗೆ ಸಲ್ಲುವ ಮೊತ್ತದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳಿಂದ ಪಡೆಯಲು ಅವಕಾಶ ಮಾಡಿದೆ. ಈ ಕೆಲಸದಲ್ಲಿರುವ ನಮ್ಮ ಯುವಕರು ಇದನ್ನು ತಿಳಿದು, ನೋಂದಣಿ ಮಾಡಿಸಿಕೊಳ್ಳಬೇಕು. ಹಕ್ಕನ್ನು ಕೇಳುವುದೂ ಧರ್ಮಕ್ಕೆ ವಿರುದ್ಧವಲ್ಲ.

ಅಬೂಹುರೈರಾ(ರ) ವರದಿ ಮಾಡಿದ, ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿರುವ ಒಂದು ಹದೀಸನ್ನು ಪ್ರತಿ ಮನೆಯ ಬಾಗಿಲಲ್ಲಿ ನೆನಪಿಸಿಕೊಳ್ಳಬೇಕು. ಸೇವಕನು ಊಟ ತಂದಾಗ ಅವನನ್ನು ಜೊತೆಗೆ ಕುಳ್ಳಿರಿಸಿಕೊಳ್ಳಲಾಗದಿದ್ದರೆ ಒಂದೆರಡು ತುತ್ತನ್ನಾದರೂ ಅವನಿಗೆ ಕೊಡಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದರು. ಏಕೆಂದರೆ ಅದರ ಬಿಸಿಯನ್ನೂ ಶ್ರಮವನ್ನೂ ಸಹಿಸಿದವನು ಅವನು. ಒಲೆಯ ಬಿಸಿಯನ್ನು ಸಹಿಸಿದವನಿಗೆ ಇರುವ ಹಕ್ಕು ಡಾಂಬರು ರಸ್ತೆಯ ಬಿಸಿಯನ್ನು ಸಹಿಸಿದವನಿಗೆ ಇಲ್ಲವೇ? ಒಂದು ಲೋಟ ತಣ್ಣೀರು, ಕೈ ತೊಳೆಯಲು ಅಂಗಳದ ನಲ್ಲಿ, "ನಿಧಾನ ಹೋಗಪ್ಪಾ" ಎಂಬ ಮಾತು, ಇದಕ್ಕೆ ಖರ್ಚೇನೂ ಇಲ್ಲ. ರಮಝಾನ್ ತಿಂಗಳಲ್ಲಿ ನಮ್ಮ ಇಫ್ತಾರಿನ ಹೊತ್ತಿಗೆ ಸರಿಯಾಗಿ ಪೊಟ್ಟಣ ತಲುಪಿಸುವವನೂ ಉಪವಾಸಿಗನಾಗಿರಬಹುದು. ಅವನ ಕೈಗೆ ಎರಡು ಖರ್ಜೂರ ಕೊಡದೆ ನಾವು ಬಾಗಿಲು ಹಾಕಿಕೊಳ್ಳಬಾರದು.

ಮನೆಯವರಿಗೆ ಬೇರೆ ಕರ್ತವ್ಯಗಳೂ ಇವೆ. ಪೊಟ್ಟಣ ಬಂದೊಡನೆ ಸೀಲು ನೋಡಬೇಕು. ಬಂದ ಊಟವನ್ನು ಆಮೇಲೆ ಉಣ್ಣೋಣವೆಂದು ಮೇಜಿನ ಮೇಲೆ ಮೂರು ಗಂಟೆ ಬಿಡಬಾರದು. ಹೋಟೆಲಿಗೆ 14 ಅಂಕಿಗಳ ಆಹಾರ ಪರವಾನಗಿ ಸಂಖ್ಯೆ ಇದೆಯೇ ಎಂದು ನೋಡುವ ಅಭ್ಯಾಸ ಮಾಡಿಕೊಳ್ಳಬೇಕು. ದಾವಣಗೆರೆಯ ಹೋಟೆಲಿನಿಂದ 14 ಕಿಲೋಮೀಟರ್ ದೂರದ ಹರಿಹರಕ್ಕೆ ಸೆಕೆಯ ಮಧ್ಯಾಹ್ನ ಕೋಳಿ ಊಟ ತರಿಸುವ ಮೊದಲು ಒಮ್ಮೆ ಯೋಚಿಸಬೇಕು. ಆಹಾರವು ಹಲಾಲ್ ಆಗಿದ್ದರೆ ಸಾಕೆಂದು ನಾವು ತಿಳಿಯುತ್ತೇವೆ. ಆದರೆ ಅಲ್‌ಬಕರ ಅಧ್ಯಾಯದ 168ನೇ ಸೂಕ್ತವು ಮನುಷ್ಯರನ್ನೆಲ್ಲ ಕರೆದು ಹಲಾಲ್ ಎಂಬುದರ ಜೊತೆಗೇ ತಯ್ಯಿಬ್, ಅಂದರೆ ಶುದ್ಧ ಮತ್ತು ಉತ್ತಮ ಎಂಬುದನ್ನೂ ಸೇರಿಸಿ ಹೇಳಿದೆ. ಕೊಯ್ದ ಕತ್ತಿಯ ಬಗ್ಗೆ ಹತ್ತು ಪ್ರಶ್ನೆ ಕೇಳುವ ನಾವು ಕಟ್ಟಿ ತಂದ ಚೀಲದ ಬಗ್ಗೆ ಒಂದನ್ನೂ ಕೇಳುವುದಿಲ್ಲ.

ಅನುಮಾನದ ಕಾಲದಲ್ಲಿ ವಿಶ್ವಾಸಾರ್ಹತೆ

ಊಟ ತಂದವನ ಹೆಸರನ್ನು ನೋಡಿ ಊಟ ಬೇಡವೆಂದ ಘಟನೆಯೂ ನಮ್ಮ ದೇಶದಲ್ಲಿ ನಡೆದಿದೆ. 2019ರ ಜುಲೈಯಲ್ಲಿ ಮಧ್ಯಪ್ರದೇಶದ ಜಬಲ್ಪುರದಲ್ಲಿ ಒಬ್ಬ ಗಿರಾಕಿ ತಂದುಕೊಡುವವನು ಮುಸ್ಲಿಮನೆಂಬ ಕಾರಣಕ್ಕೆ ಆರ್ಡರನ್ನು ರದ್ದು ಮಾಡಿದ್ದು ದೊಡ್ಡ ಸುದ್ದಿಯಾಯಿತು. ಮುಸ್ಲಿಮರು ಮುಟ್ಟಿದ ಆಹಾರದ ಬಗ್ಗೆ ವದಂತಿ ಹರಡುವವರೂ ಇದ್ದಾರೆ. ಇದರಿಂದ ಮನಸ್ಸಿಗೆ ನೋವಾಗುವುದು ಸಹಜ. ಆದರೆ ಕೋಪವು ಇದಕ್ಕೆ ಉತ್ತರವಲ್ಲ.

ಮಕ್ಕಾದ ಜನರು ಪ್ರವಾದಿವರ್ಯರನ್ನು(ಸ) ವಿರೋಧಿಸಿದರು, ಹಿಂಸಿಸಿದರು, ಕೊಲ್ಲಲು ಸಂಚು ಹೂಡಿದರು. ಆದರೂ ತಮ್ಮ ಅಮೂಲ್ಯ ವಸ್ತುಗಳನ್ನು ಇಡಲು ಅವರಿಗೆ ಪ್ರವಾದಿವರ್ಯರ(ಸ) ಮನೆಗಿಂತ ಭದ್ರವಾದ ಸ್ಥಳ ಕಾಣಲಿಲ್ಲ. ಹಿಜ್‌ರತ್‌ನ ರಾತ್ರಿ ಆ ಅಮಾನತುಗಳನ್ನು ಒಡೆಯರಿಗೆ ಮರಳಿಸುವುದಕ್ಕಾಗಿಯೇ ಹಝ್ರತ್ ಅಲೀ(ರ) ಅವರನ್ನು ಮಕ್ಕಾದಲ್ಲಿ ಬಿಡಲಾಯಿತು. ವೈರಿಯ ಸೊತ್ತಾದರೂ ಅಮಾನತು ಅಮಾನತೇ. ನಮ್ಮ ಹುಡುಗನು ಒಂದು ದಿನದಲ್ಲಿ ಹತ್ತಿಪ್ಪತ್ತು ಬಾಗಿಲುಗಳನ್ನು ತಟ್ಟುತ್ತಾನೆ. ಅವುಗಳಲ್ಲಿ ಬಹಳಷ್ಟು ಮನೆಗಳ ಒಳಗೆ ಇಸ್ಲಾಮಿನ ಯಾವ ಪುಸ್ತಕವೂ ಹೋಗಿರಲಿಕ್ಕಿಲ್ಲ. ಅವನ ಸ್ವಚ್ಛವಾದ ಕೈ, ಒರೆಸಿದ ಬ್ಯಾಗು, ಸುಳ್ಳಿಲ್ಲದ ಮಾತು ಅಲ್ಲಿ ಹೋಗುತ್ತವೆ. ಹಾಗೆಯೇ ನಮ್ಮ ಮನೆಗೆ ಊಟ ತರುವ ಬೇರೆ ಧರ್ಮದ ಯುವಕನ ಬಗ್ಗೆ ಕಾರಣವಿಲ್ಲದ ಅನುಮಾನ ಪಡುವುದನ್ನೂ ಅಲ್‌ಹುಜುರಾತ್ ಅಧ್ಯಾಯದ 12ನೇ ಸೂಕ್ತದ ಆದೇಶ ತಡೆಯುತ್ತದೆ.

ನಾವು ಮಾಡಬಹುದಾದುದು

ದೊಡ್ಡ ಯೋಜನೆಗಳು ಬೇಕಾಗಿಲ್ಲ. ದಾವಣಗೆರೆ, ಹರಿಹರಗಳ ನಮ್ಮ ಮಸೀದಿಗಳಲ್ಲಿ ವುಝೂವಿಗಾಗಿ ನೀರು ದಿನವಿಡೀ ಇರುತ್ತದೆ. ಅದರ ಪಕ್ಕದಲ್ಲಿ ಸಾಬೂನು ಇಟ್ಟು, ಊಟ ಒಯ್ಯುವ ಯಾವುದೇ ಜಾತಿ ಮತದ ಯುವಕ ಬಂದು ಕೈ ತೊಳೆಯಬಹುದು, ಶೌಚಾಲಯ ಬಳಸಬಹುದು, ನೀರು ಕುಡಿಯಬಹುದು ಎಂದು ಗೇಟಿನ ಬಳಿ ಕನ್ನಡದಲ್ಲಿ ಒಂದು ಫಲಕ ಹಾಕಲು ಜಮಾಅತ್ ಕಮಿಟಿಗಳಿಗೆ ಕಷ್ಟವೇನಿದೆ? "ಎಲ್ಲಿ ತೊಳೀಲಿ?" ಎಂಬ ಆ ಹುಡುಗನ ಪ್ರಶ್ನೆಗೆ ಉಪದೇಶಕ್ಕಿಂತ ಇದೇ ಸರಿಯಾದ ಉತ್ತರ. ಹೋಟೆಲು ನಡೆಸುವ ನಮ್ಮ ಸಹೋದರರು ತಮ್ಮ ಬಾಗಿಲಲ್ಲಿ ಒಂದು ನಲ್ಲಿ ಮತ್ತು ಪೊಟ್ಟಣ ಕಾಯುವವರಿಗೆ ಒಂದು ಬೆಂಚು ಹಾಕಿಸಲಿ.

ಈ ಕೆಲಸದಲ್ಲಿರುವ ಯುವಕರು ಕೆಲವು ಅಭ್ಯಾಸಗಳನ್ನು ಇಬಾದತ್ ಎಂಬ ಭಾವನೆಯಿಂದಲೇ ರೂಢಿಸಿಕೊಳ್ಳಲಿ. ರಾತ್ರಿ ಮನೆಗೆ ಬಂದೊಡನೆ ಬ್ಯಾಗನ್ನು ಸಾಬೂನು ನೀರಿನಿಂದ ಒರೆಸಿ ತೆರೆದಿಟ್ಟು ಒಣಗಿಸಲಿ. ಆ ಬ್ಯಾಗನ್ನು ಬೇರೆ ಸಾಮಾನಿಗೆ ಬಳಸದಿರಲಿ. ಬಿಸಿ ಮತ್ತು ತಣ್ಣನೆಯದನ್ನು ಬೇರೆಬೇರೆಯಾಗಿ ಇಡಲಿ. ಬ್ಯಾಗನ್ನು ನೆಲಕ್ಕಿಡದಿರಲಿ, ಬಿಸಿಲಿನಲ್ಲಿ ನಿಲ್ಲಿಸದಿರಲಿ. ಕೈಗೆ ಗಾಯವಾಗಿದ್ದರೆ ಪಟ್ಟಿ ಕಟ್ಟಲಿ. ವಾಂತಿ ಭೇದಿ ಇರುವ ದಿನ ಕೂಲಿ ಹೋದರೂ ಮನೆಯಲ್ಲಿರಲಿ, ಆ ದಿನದ ಕೊರತೆಯನ್ನು ತುಂಬುವುದು ಮೊಹಲ್ಲಾದವರ ಹೊಣೆಯೆಂದು ನಾವೂ ತಿಳಿಯೋಣ.

ಇವರ ಕೆಲಸವನ್ನು ಕೀಳೆಂದು ಕಾಣುವವರಿಗಾಗಿ ಕೊನೆಯದಾಗಿ ಒಂದು ಮಾತು. ಅಬೂಮೂಸಾ ಅಲ್‌ಅಶ್‌ಅರೀ(ರ) ವರದಿ ಮಾಡಿದ ಹದೀಸಿನಲ್ಲಿ ಪ್ರವಾದಿವರ್ಯರು(ಸ) ಒಬ್ಬ ಪ್ರಾಮಾಣಿಕ ಖಜಾಂಚಿಯ ಕುರಿತು ಹೇಳಿದ್ದಾರೆ. ಸೊತ್ತು ಅವನದಲ್ಲ. ಕೊಡುವ ನಿರ್ಧಾರವೂ ಅವನದಲ್ಲ. ಆದರೆ ತನಗೆ ಒಪ್ಪಿಸಿದುದನ್ನು ಕಡಿಮೆ ಮಾಡದೆ, ಸಂತೋಷದ ಮನಸ್ಸಿನಿಂದ, ಯಾರಿಗೆ ಕೊಡಲು ಹೇಳಲಾಗಿದೆಯೋ ಅವರಿಗೇ ತಲುಪಿಸಿದರೆ ಅವನೂ ದಾನಿಗಳಲ್ಲಿ ಒಬ್ಬನಾಗುತ್ತಾನೆ. ನಡುವೆ ನಿಂತು ತಲುಪಿಸುವವನನ್ನು ಮನುಷ್ಯರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲ್ಲಾಹನು ಹಿಡಿಯುತ್ತಾನೆ. ಹಸಿದವನಿಗೆ ಶುದ್ಧವಾದ ಅನ್ನವನ್ನು, ಕೊಟ್ಟಂತೆಯೇ, ನಗುಮುಖದಿಂದ ತಲುಪಿಸುವ ಯುವಕನು ಕೂಲಿಯ ಜೊತೆಗೆ ಪುಣ್ಯವನ್ನೂ ಗಳಿಸುತ್ತಿದ್ದಾನೆಂದು ನಾವು ಆಶಿಸಬಹುದು.

ಅಲ್ಲಾಹನು ನಮ್ಮ ಮಕ್ಕಳ ದಾರಿಗಳನ್ನು ಸುರಕ್ಷಿತವಾಗಿಡಲಿ, ಅವರ ಕೈಗಳನ್ನು ವಿಶ್ವಾಸಾರ್ಹಗೊಳಿಸಲಿ, ನಮ್ಮ ಅನ್ನವನ್ನು ಹಲಾಲ್ ಮತ್ತು ತಯ್ಯಿಬ್ ಆಗಿಸಲಿ, ಅನ್ನ ತಂದವನ ಹಕ್ಕನ್ನು ಅರಿಯುವ ಹೃದಯವನ್ನು ನಮಗೆ ಅನುಗ್ರಹಿಸಲಿ. ಆಮೀನ್.